ಎರಡು ಬಟನ್, ನಾಲ್ಕು ಕೈ

ಕಳೆದ ತಿಂಗಳು ಶಿವಮೊಗ್ಗದ ಮ್ಯಾನೇಜ್‌ಮೆಂಟ್ ಕಾಲೇಜೊಂದರವರು ನನ್ನನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, 'ಪ್ರಾಡಕ್ಟ್ ಮ್ಯಾನೇಜ್‌ಮೆಂಟಿನಲ್ಲಿ ನಮ್ಮ ಊರಿನ ಹಿರಿಯರು' ಎಂದು ಪರಿಚಯ ಮಾಡಿದರು. ನಾನು ಮಾಚೇನಹಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ, ಯಾವ ಯಂತ್ರ ಹೇಗಿರಬೇಕು ಎಂದು ಕಾಗದದ ಮೇಲೆ ಬರೆದು ಆಯುಷ್ಯ ಸವೆಸಿದವಳು. ಮೊದಲ ಎಷ್ಟೋ ವರ್ಷ ಆ ಕೆಲಸಕ್ಕೆ ಹೆಸರೇ ಇರಲಿಲ್ಲ. ಟೈಪಿಸ್ಟ್ ಶಾರದಮ್ಮ ಎನ್ನುತ್ತಿದ್ದರು, ಅಷ್ಟೆ. ಪ್ರಶ್ನೋತ್ತರದ ಹೊತ್ತಿಗೆ ಒಬ್ಬ ಹುಡುಗಿ ಎದ್ದು, "ಮೇಡಂ, ನೀವು ಯಾವ ಫ್ರೇಮ್‌ವರ್ಕ್ ಯೂಸ್ ಮಾಡ್ತಿದ್ರಿ?" ಎಂದಳು. "ಕಾರ್ಬನ್ ಪೇಪರ್" ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಇನ್ನೊಬ್ಬ, ನನ್ನ ಅತಿ ದೊಡ್ಡ ಸಾಧನೆ ಯಾವುದು ಎಂದು ಕೇಳಿದ. "ನಾಲ್ಕು ಬಟನ್ ಇರೋ ಪ್ರೆಸ್ಸು" ಎಂದೆ. ಅದನ್ನೂ ಬರೆದುಕೊಂಡ. ಯಾಕೆ ನಾಲ್ಕು, ಎರಡಾದರೆ ಏನಾಗುತ್ತಿತ್ತು ಎಂದು ಆ ಇಡೀ ಹಾಲಿನಲ್ಲಿ ಒಂದು ಪ್ರಾಣಿಯೂ ಕೇಳಲಿಲ್ಲ. ಊಟ ತಣ್ಣಗಾಗುತ್ತದೆ ಎಂದು ಪ್ರಿನ್ಸಿಪಾಲರು ವಂದನಾರ್ಪಣೆ ಮುಗಿಸಿಬಿಟ್ಟರು. ಕೇಳದೆ ಬರೆದುಕೊಂಡವರೇ ನಾಳೆ ಈ ಕೆಲಸಕ್ಕೆ ಬರುವವರು. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಓದಿ ಸಿಟ್ಟು ಬಂದರೆ ಸಂತೋಷ.

ನಮ್ಮ ಶೆಡ್ಡಿನಲ್ಲಿ ಮಾಡುತ್ತಿದ್ದುದು ಹಾಳೆ ತಟ್ಟೆಯ ಪ್ರೆಸ್ಸು. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಕಾದ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ತಟ್ಟೆಯಾಗುತ್ತದೆ. ಮದುವೆ ಮನೆಯಲ್ಲಿ ನೀವೆಲ್ಲ ಉಂಡು ಎಸೆದದ್ದೇ ಅದು. ಒತ್ತುವವರು ಹೆಚ್ಚಾಗಿ ಹೆಂಗಸರು, ತಮ್ಮ ಮನೆಯ ಜಗಲಿಯಲ್ಲೋ ಹಿತ್ತಿಲ ಚಪ್ಪರದಲ್ಲೋ ಕೂತು. ತೊಂಬತ್ತರ ದಶಕದ ನಡುವೆ ನಾನು ರವೀಂದ್ರನಗರದಿಂದ ಎರಡು ಬಸ್ಸು ಹಿಡಿದು ಅಲ್ಲಿಗೆ ಹೋಗಲು ಶುರುಮಾಡಿದಾಗ, ಯಂತ್ರ ಹೇಗಿರಬೇಕೆಂಬ ವಿವರಗಳೆಲ್ಲ ನೆಲದ ಮೇಲಿರುತ್ತಿದ್ದವು. ಯಜಮಾನರಾದ ಮಂಜಪ್ಪನವರು ಸೀಮೆಸುಣ್ಣ ಹಿಡಿದು ಸಿಮೆಂಟ್ ನೆಲದ ಮೇಲೆ ಗೆರೆ ಎಳೆಯುವರು. ಫಿಟ್ಟರ್ ಇಕ್ಬಾಲಣ್ಣ ಸೊಂಟದ ಮೇಲೆ ಕೈಯಿಟ್ಟು ನೋಡುವನು. "ಹಿಂಗೆ ಒಂದು ಮಾಡು ಮಾರಾಯ" ಎಂದರೆ ಮುಗಿಯಿತು. ಬೆಳಗ್ಗೆ ಗುಡಿಸುವವಳು ಅರ್ಧ ಯಂತ್ರವನ್ನು ಗುಡಿಸಿ ಹಾಕಿರುತ್ತಿದ್ದಳು.

ಕಾಲಲ್ಲಿ ತುಳಿಯುವ ಮೊದಲ ಮಾದರಿ ಹಾಗೆಯೇ ಹುಟ್ಟಿದ್ದು. ಪೆಡಲಿನ ಎತ್ತರವನ್ನು ಮಂಜಪ್ಪನವರು ತಾವೇ ನಿಂತು, ತಮ್ಮದೇ ಮೊಣಕಾಲಿಗೆ ಹಿಡಿಸಿ ಗುರುತು ಮಾಡಿದ್ದರು. ಅವರೋ ಆರಡಿಯ ಆಳು, ಜನ್ಮದಲ್ಲಿ ಒಂದು ತಟ್ಟೆ ಒತ್ತಿದವರಲ್ಲ. ತಟ್ಟೆ ಒತ್ತುವ ಹೆಂಗಸು ಮಣೆಯ ಮೇಲೆ ಕೂರುತ್ತಾಳೆ. ಆ ಪೆಡಲನ್ನು ತುಳಿಯಬೇಕಾದರೆ ಅವಳು ಯಕ್ಷಗಾನದ ಹೆಜ್ಜೆ ಹಾಕಬೇಕಿತ್ತು. ಕೊಂಡವರು ಮಣೆಯ ಕೆಳಗೆ ಇಟ್ಟಿಗೆ ಜೋಡಿಸಿಕೊಂಡು, ನಮಗೆ ಕಾರ್ಡು ಬರೆದರು. ಕಾರ್ಡು ಓದುವ ಕೆಲಸ ನನ್ನದು. ಹತ್ತು ಕಾರ್ಡಿನಲ್ಲೂ ಒಂದೇ ಗೋಳು ನೋಡಿ, 'ಕೂತ ಹೆಂಗಸಿನ ಪಾದಕ್ಕೆ ಪೆಡಲು ಎಟುಕಬೇಕು' ಎಂದು ಟೈಪು ಮಾಡಿ ಇಕ್ಬಾಲಣ್ಣನ ಕೈಗೆ ಕೊಟ್ಟೆ.

"ಅರೆ, ಇದು ಚಲೋ ಆಯ್ತಮ್ಮ. ಗೋಡೆಗೆ ಅಂಟ್ಸಿಬಿಡು. ಗೋಡೆ ಯಾರೂ ಗುಡ್ಸಲ್ಲ" ಎಂದ.

ನಾನು ಈ ವೃತ್ತಿಗೆ ಬಂದದ್ದು ಹೀಗೆ. ಮುಂದೆ ಬಂದ ಹುದ್ದೆಗಳ ಹೆಸರನ್ನೆಲ್ಲ ಇಲ್ಲಿ ಬರೆಯಲು ಹೋಗುವುದಿಲ್ಲ. ಕೊನೆಗೆ ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆ ಹಲಗೆ ಬಂತು, ಧೂಳು ಒರೆಸುವ ಕೆಲಸ ಹೆಚ್ಚಾಯಿತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಂಜಪ್ಪನವರ ಅಕ್ಕನ ಮಗ ಪ್ರಸನ್ನ ಬಂದ. ಎಂಬಿಎ ಮಾಡಿದ್ದ. ಬಂದ ದಿನವೇ ಬಾಗಿಲಿಗೆ 'ಪ್ರಾಡಕ್ಟ್ ಮ್ಯಾನೇಜರ್' ಎಂದು ಬೋರ್ಡು ಹಾಕಿಸಿದ. ಶೆಡ್ಡಿನಲ್ಲಿ ಬಾಗಿಲಿದ್ದ ಕೋಣೆ ಅದೊಂದೇ, ಅಲ್ಲಿವರೆಗೆ ಗ್ರೀಸಿನ ಡಬ್ಬಗಳನ್ನು ಇಡುತ್ತಿದ್ದೆವು. ಗೋಡೆಯ ಮೇಲಿದ್ದ ನನ್ನ ಹಾಳೆಗಳನ್ನು ಕಿತ್ತು, ಅವುಗಳ ಜಾಗಕ್ಕೆ ನಲವತ್ತು ಪುಟದ ಒಂದು ಫಾರ್ಮು ತಂದ. ಇನ್ನು ಮುಂದೆ ಅದನ್ನು ತುಂಬಿಸದೆ ಒಂದು ಬೋಲ್ಟನ್ನೂ ಬಿಗಿಯುವಂತಿಲ್ಲ ಎಂದ. ಎಲ್ಲಿಂದಲೋ ಇಳಿಸಿದ ಫಾರ್ಮು ಅದು. 'ಯಂತ್ರವು ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕೆಲಸ ಮಾಡತಕ್ಕದ್ದು' ಎಂದು ಅದರಲ್ಲಿ ಅಚ್ಚಾಗಿಯೇ ಇತ್ತು. ಭದ್ರಾವತಿಯಲ್ಲಿ ಅಂಥ ಚಳಿ ಬೀಳುವ ದಿನ ತಟ್ಟೆಗೆ ಬಡಿಸಲು ಯಾರೂ ಉಳಿದಿರುವುದಿಲ್ಲ ಎಂದೆ. "ಸ್ಟ್ಯಾಂಡರ್ಡ್ ಕಂಡೀಷನ್ ಅದು, ತೆಗಿಯೋ ಹಂಗಿಲ್ಲ ಮೇಡಂ" ಎಂದ. ಇವತ್ತಿಗೂ ಆ ಸಾಲು ಆ ಫಾರ್ಮಿನಲ್ಲಿ ಚಳಿಯಲ್ಲಿ ನಡುಗುತ್ತಾ ಕೂತಿರಬೇಕು.

ಅವನ ಸಭೆಗಳನ್ನು ಹೇಳಿ ಸುಖವಿಲ್ಲ. ಯಂತ್ರಕ್ಕೆ ನೀಲಿ ಬಣ್ಣವೋ ಹಸಿರೋ ಎಂದು ಎರಡು ದಿನ ಕೂತೆವು. ಅಪಾಯ ಬಂದಾಗ ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಎಲ್ಲಿ ಹಾಕಬೇಕೆಂದು ಎರಡು ನಿಮಿಷವೂ ಮಾತಾಡಲಿಲ್ಲ. ಇಕ್ಬಾಲಣ್ಣ ಜಾಗ ಸಿಕ್ಕ ಕಡೆ ಹಾಕಿದ. ಆಯುಧಪೂಜೆಯ ಮಾರನೆಯ ವಾರ ನಾನು ನಾಲ್ಕು ಮನೆಗೆ ಹೋಗಿ ನೋಡುತ್ತೇನೆ, ನಾಲ್ಕರಲ್ಲೂ ಚೆಂಡುಹೂವಿನ ಹಾರ ಆ ಗುಂಡಿಗೇ ನೇತುಬಿದ್ದಿದೆ. ಇಡೀ ಯಂತ್ರದಲ್ಲಿ ಹಾರ ಹಾಕಲು ಬೇರೆ ಗೂಟವೇ ಇರಲಿಲ್ಲ, ಪಾಪ. ಒಂದು ಮನೆಯಲ್ಲಂತೂ ಅದಕ್ಕೆ ಸಂತೆಚೀಲವನ್ನೂ ಸಿಕ್ಕಿಸಿದ್ದರು. ಮುಂದಿನ ಮಾದರಿಯಲ್ಲಿ ಹಾರಕ್ಕೆಂದೇ ಒಂದು ಕೊಂಡಿ ಕೊಡಬೇಕು ಎಂದು ಬರೆದೆ. ಪ್ರಸನ್ನ ಅದರ ಪಕ್ಕ ಕೆಂಪು ಶಾಯಿಯಲ್ಲಿ 'ನಾಟ್ ಎ ಫೀಚರ್' ಎಂದು ಗೀಚಿದ. ಇಕ್ಬಾಲಣ್ಣ ಅವನಿಗೆ ಹೇಳದೆ ಕೊಂಡಿ ಬೆಸೆದುಕೊಟ್ಟ.

ಶಬ್ದದ ಕಥೆ ಇಷ್ಟು ಹಗುರವಲ್ಲ. ಅಷ್ಟು ಹೊತ್ತಿಗೆ ಪೆಡಲು ಹೋಗಿ ಎಣ್ಣೆಯ ಒತ್ತಡದಲ್ಲಿ ತಾನೇ ಇಳಿಯುವ ಪ್ರೆಸ್ಸು ಬಂದಿತ್ತು. ಮೇಲಿನ ಅಚ್ಚು ಇಳಿಯಲು ಹೊರಟಾಗ ಕಿರ್ರೋ ಎಂದು ಅರಚುತ್ತಿತ್ತು. ಯಾವುದೋ ವಸ್ತುಪ್ರದರ್ಶನದಲ್ಲಿ ಒಬ್ಬ ಅಧಿಕಾರಿ ಕಿವಿ ಮುಚ್ಚಿಕೊಂಡನಂತೆ. ಪ್ರಸನ್ನ ಬಂದವನೇ 'ಯಂತ್ರವು ನಿಶ್ಶಬ್ದವಾಗಿರತಕ್ಕದ್ದು' ಎಂದು ಸೇರಿಸಿದ.

"ಸಾಬ್, ಆ ಆವಾಜ್ ಕೇಳೇ ಹೆಂಗಸ್ರು ಕೈ ತೆಗ್ಯೋದು" ಎಂದ ಇಕ್ಬಾಲಣ್ಣ.

"ಅದಕ್ಕೆ ಎರಡು ಬಟನ್ ಇದೆಯಲ್ಲ" ಎಂದ ಪ್ರಸನ್ನ.

ಈ ಎರಡು ಬಟನ್ನಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಇದರ ಪಾಪ ನನ್ನದು. ಪ್ರೆಸ್ಸಿನ ಮುಂದೆ, ಎಡಕ್ಕೊಂದು ಬಲಕ್ಕೊಂದು, ದೂರದೂರಕ್ಕೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನೊಳಗೆ ಕೈ ಇರಲು ಸಾಧ್ಯವಿಲ್ಲ ಎಂಬ ಲೆಕ್ಕ. ಲೆಕ್ಕ ಸರಿಯೇ, ಯಂತ್ರದ ಮುಂದೆ ಒಬ್ಬಳೇ ಇದ್ದರೆ.

ಫಾರ್ಮಿನ ಹನ್ನೊಂದನೆಯ ಪುಟದಲ್ಲಿ 'ಯಂತ್ರ ನಡೆಸುವವರ ಸಂಖ್ಯೆ' ಎಂದು ಒಂದು ಪುಟ್ಟ ಚೌಕವಿತ್ತು. ಅದನ್ನು ತುಂಬಿಸುವ ಮುಂಚೆ ಭದ್ರಾವತಿಗೆ ಹೋಗಿ ಒಂದು ಮನೆ ನೋಡಿ ಬರುತ್ತೇನೆ ಎಂದು ನಾನೇ ಹಟ ಮಾಡಿದ್ದೆ. ನೋಡದೆ ಬರೆಯಬಾರದು ಎಂಬ ದೊಡ್ಡ ಮಾತು ನನ್ನದು. ಹಳೆ ಮಾದರಿಯ ಪ್ರೆಸ್ಸು ಇದ್ದ ಸೆಲ್ವಿ ಎಂಬವಳ ಮನೆಗೆ ಹೋದೆ. ಅವಳ ಗಂಡ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಹೋಗುವವನು. ಮನೆಯಲ್ಲಿ ಅತ್ತೆ, ಇನ್ನೂ ಮದುವೆಯಾಗದ ನಾದಿನಿ ಕನಕ. ಚಪ್ಪರದಡಿ ಯಂತ್ರ. ಕನಕ ಪಕ್ಕದಲ್ಲಿ ಕೂತು, ಬಕೀಟಿನಿಂದ ಒದ್ದೆ ಹಾಳೆ ತೆಗೆದು, ಅಚ್ಚಿನ ಮೇಲೆ ಹಾಸಿ, ಎರಡು ಮೂಲೆಗಳನ್ನು ಬೆರಳಲ್ಲಿ ಅದುಮಿ ಹಿಡಿಯುತ್ತಿದ್ದಳು. ಹಿಡಿಯದಿದ್ದರೆ ಒದ್ದೆ ಹಾಳೆ ಸುರುಳಿ ಸುತ್ತಿ ಏಳುತ್ತದೆ. ಎದುರಿಗೆ ಕೂತ ಸೆಲ್ವಿ ಬಟನ್ ಒತ್ತುತ್ತಿದ್ದಳು. ಅಚ್ಚು ಅರಚಿದ ಕೂಡಲೇ ಕನಕನ ಕೈ ಹೊರಗೆ. ನಡುವೆ ಇಬ್ಬರದೂ ಬಾಯ್ತುಂಬ ಮಾತು, ಕನ್ನಡವೊಂದಿಷ್ಟು, ತಮಿಳೊಂದಿಷ್ಟು.

"ಒಬ್ರೇ ಮಾಡಲ್ವಾ ಇದನ್ನ?" ಎಂದು ಕೇಳಿದೆ.

"ಒಬ್ರೇ ಎಂಗೆ ಅಕ್ಕಾ?" ಎಂದು ಸೆಲ್ವಿ ನಕ್ಕಳು. "ಹಾಳೆ ಯಾರು ಹಿಡೀತಾರೆ? ಮತ್ತೆ ಒಬ್ಳೇ ಕೂತು ಗೋಡೆ ಹತ್ರ ಮಾತಾಡ್ಲಾ?"

ಚಾ ಕೊಟ್ಟಳು. ಸಕ್ಕರೆ ಅತಿಯಾಗಿತ್ತು. ಕುಡಿಯುತ್ತಾ ನಾಲ್ಕು ಕೈ ಓಡಾಡುವುದನ್ನು ಒಂದು ಗಂಟೆ ನೋಡಿದೆ. ಮಾಚೇನಹಳ್ಳಿಗೆ ವಾಪಸು ಬಂದು, ಚೌಕದಲ್ಲಿ ಎರಡು ಎಂದು ಬರೆದೆ.

ಪ್ರಸನ್ನ ನೋಡಿ ಹುಬ್ಬೇರಿಸಿದ. "ಬ್ರೋಶರಲ್ಲಿ 'ಒಬ್ಬರೇ ನಡೆಸಬಹುದು' ಅಂತ ಪ್ರಿಂಟ್ ಆಗಿದೆ ಮೇಡಂ. ಡೆಮೊದಲ್ಲಿ ಒಬ್ರೇ ಮಾಡ್ತಾರಲ್ಲ?"

ಡೆಮೊದ ಗುಟ್ಟು ನನಗೆ ಗೊತ್ತಿತ್ತು. ಡೆಮೊಗೆಂದೇ ಇಕ್ಬಾಲಣ್ಣ ಹಾಳೆಗಳನ್ನು ಆರಿಸಿ, ಚಪ್ಪಡಿ ಕಲ್ಲಿನ ಅಡಿಯಲ್ಲಿ ಎರಡು ದಿನ ಹೇರಿಟ್ಟು, ಇಸ್ಪೀಟ್ ಎಲೆಯಂತೆ ಚಪ್ಪಟೆ ಮಾಡಿಟ್ಟಿರುತ್ತಿದ್ದ. ಆ ಹಾಳೆ ಸುರುಳಿ ಏಳುವುದಿಲ್ಲ. ಅದನ್ನು ಹಿಡಿಯಲು ಯಾರೂ ಬೇಡ. ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಸಂಜೆ ಐದೂವರೆಯ ಬಸ್ಸಿಗೆ ಹೊತ್ತಾಗಿತ್ತು. ಅವನ ಜೊತೆ ವಾದ ಮಾಡಿ ಮಾಡಿ ಸಾಕಾಗಿತ್ತು. ಎರಡನ್ನು ಹೊಡೆದು ಒಂದು ಮಾಡಿದೆ. ಕೆಳಗೆ 'ಸಿದ್ಧಪಡಿಸಿದವರು' ಎಂಬಲ್ಲಿ ಸಹಿ ಹಾಕಿದೆ. ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು.

ನಿಶ್ಶಬ್ದ ಯಂತ್ರ ತಯಾರಾಯಿತು. ಹಳೆಯದನ್ನು ಕೊಟ್ಟು ಹೊಸದು ಒಯ್ದವರಲ್ಲಿ ಸೆಲ್ವಿಯ ಮನೆಯವರೂ ಇದ್ದರು. ಮೂರು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಅವಳ ಗಂಡ ಬೂತಿನಿಂದ ಫೋನು ಮಾಡಿದ. ಕನಕ ಹಾಳೆಯ ಮೂಲೆ ಹಿಡಿದಿದ್ದಳು. ಸೆಲ್ವಿ, ಹಿಡಿದದ್ದಾಯಿತು ಎಂದುಕೊಂಡು, ಎರಡೂ ಬಟನ್ ಒತ್ತಿದಳು. ಅಚ್ಚು ಅರಚಲಿಲ್ಲ. ಬಲಗೈಯ ಎರಡು ಬೆರಳು ಹೋದವು.

ಮಂಜಪ್ಪನವರು ಊರಲ್ಲಿರಲಿಲ್ಲ. ಎರಡು ದಿನ ಬಿಟ್ಟು ಪ್ರಸನ್ನ ನನ್ನನ್ನು ಕರೆದು ಆ ಮನೆಯವರಿಗೆ ಉತ್ತರ ಹೇಳಿ ಬರೆಸತೊಡಗಿದ. ಅವನ ಮುಂದೆ ನನ್ನ ಹನ್ನೊಂದನೆಯ ಪುಟ ಬಿಚ್ಚಿತ್ತು. 'ಸದರಿ ಯಂತ್ರವನ್ನು ಒಬ್ಬರೇ ನಡೆಸತಕ್ಕದ್ದೆಂದು ದಾಖಲೆಯಲ್ಲಿ ಸ್ಪಷ್ಟವಾಗಿದ್ದು, ತಾವು ಇಬ್ಬರು ನಡೆಸಿರುವುದರಿಂದ...' ಅಲ್ಲಿಗೆ ನನ್ನ ಕೈ ನಿಂತಿತು. ಇಷ್ಟು ವರ್ಷ ಅವನ ಫಾರ್ಮನ್ನು ಹೀಯಾಳಿಸಿದವಳು ನಾನು. ಆ ನಲವತ್ತು ಪುಟದಲ್ಲಿ ಕಂಪನಿಯ ಉಪಯೋಗಕ್ಕೆ ಬಂದದ್ದು ಒಂದೇ ಸಾಲು, ಅದು ನಾನು ಬರೆದದ್ದು.

"ಇದನ್ನ ನಾನು ಟೈಪ್ ಮಾಡಲ್ಲ" ಎಂದು ಎದ್ದೆ. ಅಲ್ಲಿಂದ ನೇರ ಭದ್ರಾವತಿ ಬಸ್ಸು ಹತ್ತಿದೆ.

ಮನೆಯಲ್ಲಿ ಕಂಡದ್ದು ನಾನು ಎಣಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಕನಕ ಆಸ್ಪತ್ರೆಯಲ್ಲಿದ್ದಳು. ಸೆಲ್ವಿ ಒಂದು ಮೂಲೆಯಲ್ಲಿ ಕೂತಿದ್ದಳು, ಎರಡು ದಿನದಿಂದ ಅವಳ ಜೊತೆ ಯಾರೂ ಮಾತಾಡಿರಲಿಲ್ಲ. ಅತ್ತೆ ನನ್ನನ್ನು ನೋಡಿದವಳೇ ಶುರುಮಾಡಿದಳು.

"ಇವಳೇ ಒತ್ತಿದ್ದು! ನನ್ ಮಗಳು ಕೈ ಇಟ್ಟಿರೋದು ಕಣ್ಣಿಗೆ ಕಾಣಿಸ್ಲಿಲ್ವಾ? ಮನೇಲಿ ಇಬ್ರಿಗೂ ಆವತ್ತು ಜಗಳ ಆಗಿತ್ತು. ಬೇಕಂತ್ಲೇ ಒತ್ತಿದಾಳೆ. ಅವಳನ್ನ ಊರಿಗೆ ಕಳಿಸಿಬಿಡು ಅಂತ ಮಗನಿಗೆ ಹೇಳ್ಬಿಟ್ಟಿದೀನಿ."

ಗಂಡ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಸೆಲ್ವಿ ನನ್ನ ಕಡೆ ನೋಡಿ, "ಆವಾಜ್ ಬರ್ಲಿಲ್ಲ ಅಕ್ಕಾ, ಆಣೆ ಮಾಡ್ತೀನಿ, ಆವಾಜೇ ಬರ್ಲಿಲ್ಲ" ಎಂದಳು.

ನಾನು ಹೇಳಬೇಕಾದ್ದನ್ನು ಹೇಳಿದೆ. ಯಂತ್ರ ಸದ್ದು ಮಾಡದ ಹಾಗೆ ಮಾಡಿದ್ದು ನಾವು. ಇಲ್ಲಿ ಇಬ್ಬರು ಕೂರುವುದನ್ನು ಕಣ್ಣಾರೆ ನೋಡಿಯೂ, ಒಬ್ಬರು ಎಂದು ಬರೆದವಳು ನಾನು. ಒಬ್ಬಳ ಕೈಗೆ ಮಾತ್ರ ಕಾವಲು ಇಟ್ಟು ಇನ್ನೊಬ್ಬಳ ಕೈಯನ್ನು ಬಿಟ್ಟೆವು. ಸೆಲ್ವಿಯದು ಇದರಲ್ಲಿ ತಪ್ಪಿಲ್ಲ. ಮುದುಕಿ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು. ಆಮೇಲೆ, "ಬಾಯಲ್ಲಿ ಯಾರ್ ಬೇಕಾದ್ರೂ ಹೇಳ್ತಾರೆ. ಕಾಗದದಲ್ಲಿ ಬರ್ಕೊಡು" ಎಂದಳು.

ಇಷ್ಟು ವರ್ಷದಲ್ಲಿ ನನ್ನಿಂದ ಬರಹ ಕೇಳಿದವರಲ್ಲಿ, ಅದು ಯಾತಕ್ಕೆ ಬೇಕು ಎಂದು ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ. ಗಂಡನ ಹತ್ತಿರ ಒಂದು ಬಿಳಿ ಹಾಳೆ ಇಸಿದುಕೊಂಡು, ಕನ್ನಡದಲ್ಲಿ, ಆರು ಸಾಲು ಬರೆದು ಸಹಿ ಹಾಕಿಕೊಟ್ಟೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಮಗನಿಂದ ಎರಡು ಸಲ ಓದಿಸಿದಳು. ಆಮೇಲೆ ಹಾಳೆಯನ್ನು ಮಡಿಸಿ ಮುರುಗನ್ ಪಟದ ಹಿಂದೆ ಸಿಕ್ಕಿಸಿ, ಸೊಸೆಯ ಕಡೆ ನೋಡದೆಯೇ, "ಎದ್ದು ಅನ್ನಕ್ಕಿಡು" ಎಂದಳು. ಸೆಲ್ವಿ ಎದ್ದಳು.

ಮಾರನೆಯ ದಿನ ಪ್ರಸನ್ನ ಕುಣಿದಾಡಿದ. "ಬರವಣಿಗೇಲಿ ಕೊಟ್ಟಿದೀರಾ? ನಿಮಗೇನು ತಲೆ ಕೆಟ್ಟಿದ್ಯಾ?" ಎಂದ. ಮಂಜಪ್ಪನವರು ಬಂದು ಎರಡೂ ಕಡೆ ಕೇಳಿ, ಮೊದಲು ಬೈದದ್ದು ನನ್ನನ್ನೇ. ಮನೆಗೆ ಹೋಗು ಎನ್ನುವುದಕ್ಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಇಕ್ಬಾಲಣ್ಣ ಕೈಯೊರೆಸುತ್ತಾ ಒಳಗೆ ಬಂದು, ಸ್ಪ್ಯಾನರನ್ನು ಯಜಮಾನರ ಮೇಜಿನ ಮೇಲಿಟ್ಟ.

"ಎರಡೇ ಬಟನ್ ಹಾಕ್ಬೇಕು ಅಂದ್ರೆ, ಇನ್ಮೇಲೆ ನೀವೇ ಹಾಕ್ಕೊಳ್ಳಿ ಸಾಬ್. ನಾನು ಹಾಕಲ್ಲ."

ಮಂಜಪ್ಪನವರು ಆ ಸ್ಪ್ಯಾನರನ್ನು ಎತ್ತಿ ಅವನ ಕೈಗೇ ವಾಪಸು ಕೊಟ್ಟರು. ಅವರಿಗೆ ಯಂತ್ರ ಮಾಡಲು ಬರುತ್ತಿರಲಿಲ್ಲ, ಮಾಡುವವನ ಬೆಲೆ ಮಾತ್ರ ಗೊತ್ತಿತ್ತು. "ಎಷ್ಟು ಬೇಕೋ ಹಾಕು ಮಾರಾಯ" ಎಂದರು. ಕನಕನ ಚಿಕಿತ್ಸೆಯನ್ನೂ ಕಂಪನಿಯೇ ನೋಡಿಕೊಂಡಿತು. ಆ ಮಟ್ಟಿಗೆ ಮನುಷ್ಯ ಕೆಟ್ಟವನಲ್ಲ. ಹೊರಗೆ ಹೋದ ಯಂತ್ರಗಳನ್ನೆಲ್ಲ ಒಂದೊಂದಾಗಿ ವಾಪಸು ತರಿಸಿದೆವು.

ಹೊಸ ಪ್ರೆಸ್ಸಿಗೆ ಎದುರಿಗೆ ಎರಡು, ಪಕ್ಕಕ್ಕೆ ಎರಡು ಬಟನ್ ಬಂದವು. ನಾಲ್ಕನ್ನೂ ಒಟ್ಟಿಗೆ ಒತ್ತದ ಹೊರತು ಅಚ್ಚು ಜಗ್ಗುವುದಿಲ್ಲ. ಹಾಳೆಯ ಮೂಲೆ ಹಿಡಿಯಲು ಎರಡು ಸ್ಪ್ರಿಂಗ್ ಕ್ಲಿಪ್ಪು. ನಮ್ಮ ಜನ ಟ್ಯೂಬಿನ ರಬ್ಬರು ಕಟ್ಟಿ ಬಟನ್ ಅದುಮಿಡುವ ಪೈಕಿ ಎಂದು ಇಕ್ಬಾಲಣ್ಣನಿಗೆ ಗೊತ್ತು. ಪ್ರತಿ ಸಲವೂ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಇಳಿಯುವ ಹಾಗೆ ಮಾಡಿದ. ಕಿರ್ರೋ ಶಬ್ದವನ್ನೂ ವಾಪಸು ತಂದ. ಕೆಲವು ವರ್ಷಗಳ ಮೇಲೆ ಪ್ರಸನ್ನ ದೊಡ್ಡ ಕಂಪನಿಗೆ ಹೋದ. 'ಬಳಕೆದಾರ ಕೇಂದ್ರಿತ ನಾಲ್ಕು ಬಟನ್ ವಿನ್ಯಾಸ' ಎಂದು ತನ್ನ ಬಯೋಡೇಟಾದಲ್ಲಿ ಮೊದಲ ಸಾಲಿಗೇ ಹಾಕಿಕೊಂಡಿದ್ದನಂತೆ. ಹಾಕಿಕೊಳ್ಳಲಿ. ಆ ಬಳಕೆದಾರಳ ಹೆಸರೇನು ಎಂದು ಅವನನ್ನು ಯಾರೂ ಕೇಳಿರಲಾರರು.

ನಾಲ್ಕು ಬಟನ್ನಿನ ಮೊದಲ ಯಂತ್ರವನ್ನು ಸೆಲ್ವಿಯ ಮನೆಗೇ ಒಯ್ದೆವು. ಬೇಡ ಎನ್ನುತ್ತಾರೆ ಎಂದು ಅಂಜಿದ್ದೆ. ಬೇಕು ಎಂದವಳು ಕನಕ. ಗಾಯ ಮಾಗಿತ್ತು. ಅಂಗೈಯಿಂದ ಒತ್ತುವಷ್ಟು ಅಗಲವಾಗಿ ಬಟನ್ ಮಾಡಿಸಿದ್ದೆ, ಬೆರಳಿನ ಅಗತ್ಯವಿರಲಿಲ್ಲ. ಅವಳು ಈಗ ಸೆಲ್ವಿಯ ಜಾಗದಲ್ಲಿ, ಎದುರಿಗೆ ಕೂತಳು. ಚಾ ಬಂತು. ನಾನು ಲೋಟ ಎತ್ತಿದೆ.

"ಅವತ್ತೂ ಇಲ್ಲೇ ಕೂತು ಚಾ ಕುಡಿದ್ರಿ" ಎಂದಳು ಕನಕ. "ನಮ್ಮಿಬ್ರನ್ನೂ ನೋಡಿದ್ರಿ. ಮತ್ತೆ ಒಬ್ರು ಅಂತ ಎಂಗಕ್ಕಾ ಬರೆದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು ಎಂದು ಹೇಗೆ ಹೇಳಲಿ? ಲೋಟ ಕೆಳಗಿಟ್ಟೆ.

"ಹೋಗ್ಲಿ. ಇಲ್ಲಿ ಬಂದು ಕೂತ್ಕೊಳಿ" ಎಂದು ಪಕ್ಕದ ಮಣೆ ತೋರಿಸಿದಳು. ಅದು ಮುಂಚೆ ಅವಳು ಕೂರುತ್ತಿದ್ದ ಜಾಗ. ಕೂತೆ. "ಕ್ಲಿಪ್ ಹಾಕ್ಬೇಡಿ. ಹಾಳೆ ನೀವೇ ಹಿಡೀರಿ, ನಾನು ಹಿಡೀತಿದ್ನಲ್ಲ, ಹಂಗೆ."

ಬಕೀಟಿನಿಂದ ಒದ್ದೆ ಹಾಳೆ ತೆಗೆದು ಹಾಸಿ, ಎರಡೂ ಕೈ ಒಳಗೆ ಚಾಚಿ ಮೂಲೆಗಳನ್ನು ಅದುಮಿ ಹಿಡಿದೆ. ಮೇಲಿನ ಅಚ್ಚಿನ ಕಾವು ಮುಂಗೈಗೆ ತಾಗುತ್ತಿತ್ತು. ಯಂತ್ರದ ಪ್ರತಿ ಸಾಲನ್ನೂ ಬರೆದವಳು ನಾನು, ಇಕ್ಬಾಲಣ್ಣ ನೂರು ಸಲ ಪರೀಕ್ಷೆ ಮಾಡಿದ್ದ. ಆದರೂ ನನ್ನ ಪಕ್ಕದ ಎರಡು ಬಟನ್ನುಗಳ ಮೇಲೆ ಯಾರ ಕೈಯೂ ಇಲ್ಲವೆಂದು ಇನ್ನೊಮ್ಮೆ ನೋಡಿಕೊಂಡೆ. ಸೆಲ್ವಿ ದೂರ ಸರಿದು ನಿಂತಿದ್ದಳು.

ಕನಕ ನನ್ನ ಮುಖವನ್ನೇ ನೋಡುತ್ತಾ ತನ್ನ ಎರಡು ಬಟನ್ನುಗಳನ್ನೂ ಒತ್ತಿದಳು. ಅಚ್ಚು ಅಲ್ಲಾಡಲಿಲ್ಲ. ಬಿಟ್ಟು, ಇನ್ನೊಂದು ಸಲ ಜೋರಾಗಿ ಒತ್ತಿ ಹಿಡಿದಳು. ಆಗಲೂ ಅಲ್ಲಾಡಲಿಲ್ಲ.

"ಸರಿಯಾಗಿದೆ" ಎಂದಳು. "ಈಗ ಕೈ ತೆಗೀರಿ."